ಬಿಎ ಕೆಲಸಕ್ಕೆ ಫೀಡ್‌ಬ್ಯಾಕ್ ಕೇಳಿದರೆ ಬರೀ ‘ಚೆನ್ನಾಗಿದೆ’ ಅಂತಾರೆ, ಸರಿಯಾಗಿ ಕೇಳೋದು ಹೇಗೆ?

ಅರ್ಧವಿರಾಮ

ಎಲ್ಲರಿಗೂ ನಮಸ್ಕಾರ. ಬಿಸಿನೆಸ್ ಅನಲಿಸ್ಟ್ (ಬಿಎ) ಆಗಿ, ಅಂದರೆ ಬಿಸಿನೆಸ್‌ಗೆ ಏನು ಬೇಕು ಅಂತ ಕೇಳಿ ಡೆವಲಪರ್‌ಗಳಿಗೆ ಬರೆದುಕೊಡೋ ಕೆಲಸದಲ್ಲಿ, ನಾಲ್ಕು ವರ್ಷದ ಅನುಭವ. ಈಗಿರೋದು ಆನ್‌ಲೈನ್ ಆರ್ಡರ್‌ಗಳ ರಿಟರ್ನ್ ಮತ್ತು ರೀಫಂಡ್ ಮಾಡ್ಯೂಲ್. ಟೀಮಿನಲ್ಲಿ 5 ಡೆವಲಪರ್, 2 ಟೆಸ್ಟರ್, ಒಬ್ಬರು ಪ್ರಾಡಕ್ಟ್ ಓನರ್ (ಏನು ಕಟ್ಟಬೇಕು ಅಂತ ತೀರ್ಮಾನಿಸೋರು). ಬಿಸಿನೆಸ್ ಕಡೆಯಿಂದ ಫೈನಾನ್ಸ್‌ನವರು ಒಬ್ಬರು, ಕಸ್ಟಮರ್ ಸಪೋರ್ಟ್‌ನವರು ಇಬ್ಬರು. ಎರಡು ವಾರದ ಸ್ಪ್ರಿಂಟ್, ಅಂದರೆ ಎರಡೆರಡು ವಾರದ ಕಂತಿನಲ್ಲಿ ಕೆಲಸ.

ನನ್ನ ಕೌಶಲ್ಯ ಎಲ್ಲಿ ಕಮ್ಮಿ ಅಂತ ತಿಳ್ಕೋಬೇಕು ಅಂತ 11 ಜನಕ್ಕೂ ಒಟ್ಟಿಗೆ ಈ ಮೇಲ್ ಹಾಕಿದೆ:

“ನನ್ನ ವೃತ್ತಿ ಕೌಶಲ್ಯ ಸುಧಾರಿಸಿಕೊಳ್ಳಲು ನಿಮ್ಮ ಅಮೂಲ್ಯ ಅಭಿಪ್ರಾಯ ಬೇಕು. ಬಿಎ ಆಗಿ ನನ್ನ ಬಲ ಏನು, ದೌರ್ಬಲ್ಯ ಏನು? ದಯವಿಟ್ಟು ಮುಕ್ತವಾಗಿ ತಿಳಿಸಿ.”

ನಾಲ್ಕು ಉತ್ತರ ಬಂತು. “ಒಳ್ಳೇ ಕೆಲಸ, ಹೀಗೇ ಮುಂದುವರಿಸಿ.” “ಎಲ್ಲಾ ಓಕೆ.” “ಇನ್ನೂ ಸ್ವಲ್ಪ ಪ್ರೊಆ್ಯಕ್ಟಿವ್ ಆಗಿ.” ನಾಲ್ಕನೆಯವರು ಡಾಕ್ಯುಮೆಂಟ್ ಉದ್ದ ಆಯ್ತು ಅಂದರು. ಮ್ಯಾನೇಜರ್ ರಿವ್ಯೂನಲ್ಲಿ ಬರೆದಿದ್ದು “ಕಮ್ಯುನಿಕೇಶನ್ ಸುಧಾರಿಸಿಕೊಳ್ಳಬೇಕು” ಅಷ್ಟೇ. ಇದರಿಂದ ನಾನು ನಾಳೆ ಬೆಳಿಗ್ಗೆ ಏನು ಬೇರೆ ಥರ ಮಾಡಬೇಕು ಅಂತ ಗೊತ್ತಾಗ್ತಿಲ್ಲ.

ಬರವಣಿಗೆ ಹೇಗಿದೆ ಅಂತ ನೋಡೋದಕ್ಕೆ ಇತ್ತೀಚಿನ ಒಂದು ಸ್ಟೋರಿಯನ್ನೂ (ಬಳಕೆದಾರರಿಗೆ ಏನು ಬೇಕು ಅಂತ ಹೇಳೋ ಚಿಕ್ಕ ಟಿಪ್ಪಣಿ), ಅದರ ಆ್ಯಕ್ಸೆಪ್ಟೆನ್ಸ್ ಕ್ರೈಟೀರಿಯಾವನ್ನೂ (ಕೆಲಸ ಮುಗೀತು ಅನ್ನೋಕೆ ಪೂರೈಸಬೇಕಾದ ಷರತ್ತುಗಳು) ಹಾಕ್ತಿದೀನಿ:

“ಗ್ರಾಹಕನಾಗಿ ನಾನು ಆರ್ಡರನ್ನು ಹಿಂತಿರುಗಿಸಲು ಬಯಸುತ್ತೇನೆ, ಇದರಿಂದ ನನ್ನ ಹಣ ಬೇಗ ವಾಪಸ್ ಸಿಗುತ್ತದೆ.
ಆ್ಯಕ್ಸೆಪ್ಟೆನ್ಸ್ ಕ್ರೈಟೀರಿಯಾ: 1) ಅರ್ಹ ಆರ್ಡರ್‌ಗಳಿಗೆ ರಿಟರ್ನ್ ಬಟನ್ ಕಾಣಬೇಕು. 2) ರೀಫಂಡ್ ತ್ವರಿತವಾಗಿ ಆಗಬೇಕು. 3) ದೋಷವಾದರೆ ಸೂಕ್ತ ಸಂದೇಶ ತೋರಿಸಬೇಕು.”

ಯಾರನ್ನ, ಯಾವಾಗ, ಏನು ಕೇಳಬೇಕು? ಸರ್ಟಿಫಿಕೇಶನ್ ಮಾಡಿದರೆ ಇದು ಬಗೆಹರಿಯುತ್ತಾ?

---

ಕೆಂಪುಪೆನ್ನು

ಮೇಲ್ ವಿಷಯ ಮಾತ್ರ ಹೇಳ್ತೀನಿ, ಸ್ಟೋರಿಯನ್ನ ಬೇರೆ ಯಾರಾದರೂ ನೋಡಲಿ.

ನೀವು ಕೇಳಿದ್ದು ನಿಮ್ಮ ಬಗ್ಗೆ. ಕೇಳಬೇಕಾಗಿದ್ದು ನೀವು ಮಾಡಿಕೊಟ್ಟ ವಸ್ತುವಿನ ಬಗ್ಗೆ. ದಿನಾ ಮುಖ ನೋಡಬೇಕಾದವರ ದೌರ್ಬಲ್ಯ ಬರೆದುಕೊಡಿ ಅಂದರೆ ಯಾರೂ ಬರೆಯಲ್ಲ, ಅದೂ ಉಳಿದ ಹತ್ತು ಜನ ಓದೋ ಮೇಲ್‌ನಲ್ಲಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಸಾಲು ಬರೆದು ಕೈ ತೊಳ್ಕೋತಾರೆ. ತಪ್ಪು ಅವರದ್ದಲ್ಲ. ಪ್ರಶ್ನೆ ಅಷ್ಟು ಅಗಲ ಇದ್ದಾಗ ಉತ್ತರ ತೆಳ್ಳಗೇ ಇರುತ್ತೆ.

ಒಬ್ಬೊಬ್ಬರನ್ನೇ ಕೇಳಿ. ಒಂದು ನಿರ್ದಿಷ್ಟ ಸ್ಟೋರಿ ಅಥವಾ ಡಾಕ್ಯುಮೆಂಟ್ ಮುಂದಿಟ್ಟು ಕೇಳಿ. ಎರಡು ಪ್ರಶ್ನೆಗಿಂತ ಜಾಸ್ತಿ ಬೇಡ, ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ. ನಿಮ್ಮ ಕೆಲಸವನ್ನ ಯಾರು ಕೈಯಲ್ಲಿ ಹಿಡಿದು ಬಳಸ್ತಾರೋ ಅವರಿಗೆ ಅದರ ಒಂದು ಮಗ್ಗುಲು ಮಾತ್ರ ಕಾಣುತ್ತೆ, ಆ ಮಗ್ಗುಲಿನ ಬಗ್ಗೆ ಮಾತ್ರ ಕೇಳಿ.

ಡೆವಲಪರ್‌ಗೆ: “ಈ ಸ್ಟೋರಿಯ ಯಾವ ಸಾಲಿಗೆ ಬಂದಾಗ ಕೋಡ್ ನಿಲ್ಲಿಸಿ ಯಾರನ್ನಾದರೂ ಕೇಳಬೇಕಾಯಿತು? ಕೇಳದೆ ನೀವೇ ಊಹೆ ಮಾಡಿಕೊಂಡು ಮುಂದೆ ಹೋಗಿದ್ದು ಯಾವುದು?” ಎರಡನೇ ಪ್ರಶ್ನೆಯನ್ನ ಬಿಡಬೇಡಿ. ಕೇಳಿದ ಅನುಮಾನ ಎಲ್ಲಾದರೂ ಕಾಮೆಂಟ್‌ನಲ್ಲಿ ದಾಖಲಾಗಿರುತ್ತೆ. ಊಹೆ ಕೋಡ್‌ನೊಳಗೆ ಹೂತುಹೋಗಿರುತ್ತೆ, ಮೂರು ತಿಂಗಳಾದ ಮೇಲೆ ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ಬಳಸೋ ಸಿಸ್ಟಂನಲ್ಲಿ) ಎದ್ದುಬರುತ್ತೆ. ಇದನ್ನ ಅವರು ಸ್ಟೋರಿ ಎತ್ತಿಕೊಂಡ ಎರಡನೇ ಮೂರನೇ ದಿನ ಕೇಳಬೇಕು. ಸ್ಪ್ರಿಂಟ್ ಮುಗಿದು ರೆಟ್ರೋಗೆ (ಆ ಸ್ಪ್ರಿಂಟ್ ಹೇಗಾಯ್ತು ಅಂತ ಹಿಂತಿರುಗಿ ನೋಡೋ ಸಭೆಗೆ) ಬರೋ ಹೊತ್ತಿಗೆ ಊಹೆ ಮಾಡಿದ್ದು ಅವರಿಗೇ ನೆನಪಿರಲ್ಲ.

ಟೆಸ್ಟರ್‌ಗೆ: “ಯಾವ ಕ್ರೈಟೀರಿಯಾ ಓದಿ ಪಾಸ್ ಯಾವುದು, ಫೇಲ್ ಯಾವುದು ಅಂತ ಬರೆಯೋಕೆ ಆಗಲಿಲ್ಲ?” ಟೆಸ್ಟ್ ಕೇಸ್ ಬರೀತಿರುವಾಗಲೇ ಕೇಳಿ. ಟೀಮಿನಲ್ಲಿ ಬಿಎ ಬರವಣಿಗೆಯನ್ನ ಅಕ್ಷರ ಅಕ್ಷರ ಓದೋರು ಟೆಸ್ಟರ್ ಮಾತ್ರ, ಆದರೂ ಫೀಡ್‌ಬ್ಯಾಕ್ ಕೇಳುವಾಗ ಅವರನ್ನೇ ಕೊನೆಗೆ ನೆನೆಸ್ಕೋತಾರೆ.

ಪ್ರಾಡಕ್ಟ್ ಓನರ್‌ಗೆ: “ಕಳೆದ ತಿಂಗಳು ನಿಮ್ಮ ಮುಂದೆ ತಂದ ವಿಷಯಗಳಲ್ಲಿ ಯಾವುದಕ್ಕೆ ತೀರ್ಮಾನ ಮಾಡೋಕೆ ಬೇಕಾದ ಮಾಹಿತಿ ಇರಲಿಲ್ಲ? ಯಾವುದನ್ನ ನಿಮ್ಮ ತನಕ ತರೋ ಅಗತ್ಯವೇ ಇರಲಿಲ್ಲ?”

ಫೈನಾನ್ಸ್‌ನವರಿಗೆ ಮತ್ತು ಸಪೋರ್ಟ್‌ನವರಿಗೆ ಡಾಕ್ಯುಮೆಂಟ್ ಕೊಟ್ಟು ‘ಹೇಗಿದೆ?’ ಅಂತ ಕೇಳಲೇಬೇಡಿ. ಓದದೆ ‘ಸರಿ ಇದೆ’ ಅಂತಾರೆ, ಸೈನ್‌ಆಫ್ (ಅಧಿಕೃತ ಒಪ್ಪಿಗೆ) ಕೂಡ ಕೊಡ್ತಾರೆ. ಬದಲಿಗೆ ಒಂದು ಲೆಕ್ಕ ಕೊಡಿ: “ಮೂರು ವಸ್ತುವಿನ ಆರ್ಡರ್, ಒಂದನ್ನ ವಾಪಸ್ ಮಾಡಿದ್ದಾರೆ. ಈ ಪುಟ ನೋಡಿ ಎಷ್ಟು ಹಣ ವಾಪಸ್ ಹೋಗಬೇಕು ಹೇಳಿ.” ಅವರು ಹೇಳೋ ಸಂಖ್ಯೆ, ನಿಮ್ಮ ಮನಸ್ಸಲ್ಲಿರೋ ಸಂಖ್ಯೆ ಬೇರೆ ಬೇರೆ ಆಯ್ತಾ? ನಿಮಗೆ ಬೇಕಾಗಿದ್ದ ಫೀಡ್‌ಬ್ಯಾಕ್ ಅದೇ. ಅವರ ಬಾಯಿಂದ ಒಂದು ಟೀಕೆಯ ಮಾತೂ ಬರಬೇಕಾಗಿಲ್ಲ.

---

ಅಂಚಿನ_ಪ್ರಕರಣ

ಕೆಂಪುಪೆನ್ನು ಅವರು ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ಸ್ಟೋರಿ ನೋಡೋಣ. ಸ್ವಲ್ಪ ಖಾರವಾಗಿ ಇರುತ್ತೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮೂರು ಕ್ರೈಟೀರಿಯಾದಲ್ಲಿ ಮೂರು ಪದ ಇವೆ: ‘ಅರ್ಹ’, ‘ತ್ವರಿತವಾಗಿ’, ‘ಸೂಕ್ತ’. ಈ ಮೂರು ಪದ ತೆಗೆದರೆ ಅಲ್ಲಿ ಏನೂ ಉಳಿಯಲ್ಲ. ರಿಕ್ವೈರ್‌ಮೆಂಟ್ ಬರೆಯೋದಕ್ಕೇ ಇರುವ ಐಎಸ್‌ಒ/ಐಇಸಿ/ಐಇಇಇ 29148 ಸ್ಟ್ಯಾಂಡರ್ಡ್ (2018ರ ಆವೃತ್ತಿ) ಇಂಥ ಅಳತೆಯಿಲ್ಲದ ಪದಗಳನ್ನ ಬಳಸಬೇಡಿ ಅಂತ ಪಟ್ಟಿ ಮಾಡಿಯೇ ಹೇಳುತ್ತೆ. ಆದರೆ ಇದನ್ನ ಬರವಣಿಗೆಯ ತಪ್ಪು ಅಂತ ತಿಳಿದು ಇನ್ನೂ ಚೆಂದದ ಪದ ಹುಡುಕೋಕೆ ಹೋಗಬೇಡಿ. ನಿಮಗೆ ಆ ಉತ್ತರ ಗೊತ್ತಿಲ್ಲ, ಗೊತ್ತಿಲ್ಲದ ಜಾಗವನ್ನ ಒಂದು ವಿಶೇಷಣ ಹಾಕಿ ಮುಚ್ಚಿದ್ದೀರಿ. ಕೊರತೆ ಇರೋದು ಪ್ರಶ್ನೆ ಕೇಳೋ ಕೌಶಲ್ಯದಲ್ಲಿ, ಅಂದರೆ ಎಲಿಸಿಟೇಶನ್‌ನಲ್ಲಿ.

‘ಅರ್ಹ’ ತಗೊಳ್ಳಿ. ಹತ್ತು ದಿನದೊಳಗೆ ವಾಪಸ್ ಮಾಡಬಹುದು ಅಂತ ನಿಯಮ ಇದೆ ಅಂದುಕೊಳ್ಳೋಣ. 1ನೇ ತಾರೀಖು ಸಂಜೆ 6ಕ್ಕೆ ಡೆಲಿವರಿ ಆಗಿದೆ. ಬಟನ್ ಯಾವಾಗ ಮಾಯ ಆಗಬೇಕು? ಡೆಲಿವರಿ ದಿನವನ್ನೇ ಮೊದಲ ದಿನ ಅಂತ ಎಣಿಸಿದರೆ 10ನೇ ತಾರೀಖು ಮಧ್ಯರಾತ್ರಿ. 240 ಗಂಟೆ ಅಂತ ಎಣಿಸಿದರೆ 11ನೇ ತಾರೀಖು ಸಂಜೆ 6. ಮರುದಿನದಿಂದ ಎಣಿಸಿದರೆ 11ನೇ ತಾರೀಖು ಮಧ್ಯರಾತ್ರಿ. ಮಧ್ಯರಾತ್ರಿ ಅಂದರೆ ಸರ್ವರ್ ಇರೋ ಟೈಮ್‌ಝೋನಿನದೋ ಗ್ರಾಹಕರದೋ? ಒಂದು ಆರ್ಡರ್ ಎರಡು ಪಾರ್ಸೆಲ್‌ನಲ್ಲಿ ಬಂದರೆ ಯಾವುದರ ತಾರೀಖು? ಇಷ್ಟರಲ್ಲಿ ಒಂದಕ್ಕೂ ಡೆವಲಪರ್ ಹತ್ರ ಉತ್ತರ ಇರಲ್ಲ. ಆದರೂ ಕೋಡ್ ಬರೆಯಲೇಬೇಕು, ಏನೋ ಒಂದು ಬರೀತಾರೆ.

ಈಗ ಹಣ. ಆರ್ಡರ್‌ನಲ್ಲಿ 500, 300, 200ರ ಮೂರು ವಸ್ತು, ಒಟ್ಟು 1000. ‘800ಕ್ಕಿಂತ ಮೇಲೆ ಕೊಂಡರೆ 100 ಕಡಿತ’ ಅನ್ನೋ ಕೂಪನ್ ಹಾಕಿದ್ದಾರೆ, ಕಟ್ಟಿದ್ದು 900. 300ರ ವಸ್ತು ವಾಪಸ್ ಬಂತು. ಕಡಿತವನ್ನ ಬೆಲೆಗೆ ತಕ್ಕಂತೆ ಹಂಚಿದರೆ ರೀಫಂಡ್ 270. ಉಳಿದ ಆರ್ಡರ್ 700ಕ್ಕೆ ಇಳಿದಿದ್ದರಿಂದ ಕೂಪನ್ ಅನ್ವಯಿಸಲ್ಲ ಅಂತ ನಿಯಮ ಇದ್ದರೆ ರೀಫಂಡ್ 200. ಎರಡೂ ಸಮರ್ಥಿಸಬಹುದಾದ ಉತ್ತರವೇ. ಯಾವುದು ಅಂತ ತೀರ್ಮಾನಿಸೋ ಅಧಿಕಾರ ಫೈನಾನ್ಸ್‌ದೋ ಪ್ರಾಡಕ್ಟ್ ಓನರ್‌ದೋ ಅನ್ನೋದನ್ನೂ ನೀವೇ ಪತ್ತೆ ಮಾಡಬೇಕು.

ಇನ್ನೂ ಸಣ್ಣದೊಂದಿದೆ, ಇದು ಟೆಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತೆ. ತಲಾ 100ರ ಮೂರು ವಸ್ತು, ಬೇರೊಂದು ಕೂಪನ್‌ನಿಂದ 100ರ ಕಡಿತ, ಕಟ್ಟಿದ್ದು 200. ತಲಾ ಕಡಿತ 33.33, ಅಂದರೆ ಒಂದೊಂದರ ರೀಫಂಡ್ 66.67. ಮೂರನ್ನೂ ಬೇರೆ ಬೇರೆ ದಿನ ವಾಪಸ್ ಮಾಡಿದರೆ ಒಟ್ಟು 200.01. ಕಟ್ಟಿದ್ದಕ್ಕಿಂತ 0.01 ಜಾಸ್ತಿ. ಪಾವತಿಗಿಂತ ಹೆಚ್ಚಿನ ರೀಫಂಡನ್ನ ಪೇಮೆಂಟ್ ಗೇಟ್‌ವೇ (ಹಣ ಸಾಗಿಸೋ ಮಧ್ಯದ ಸೇವೆ) ಸಾಮಾನ್ಯವಾಗಿ ಒಪ್ಪಲ್ಲ, ಮೂರನೇ ರೀಫಂಡ್ ಫೇಲ್ ಆಗುತ್ತೆ. ಮೊದಲೆರಡು ಸರಿಯಾಗಿ ಹೋಗಿರೋದರಿಂದ ಕಾರಣ ಹುಡುಕೋಕೆ ದಿನಗಟ್ಟಲೆ ಹಿಡಿಯುತ್ತೆ. ‘ರೌಂಡಿಂಗ್‌ನಿಂದ ಬರೋ ವ್ಯತ್ಯಾಸ ಕೊನೆಯ ವಸ್ತುವಿನ ಮೇಲೆ ಹೋಗಬೇಕು’ ಅನ್ನೋ ಒಂದೇ ಸಾಲು ಸ್ಟೋರಿಯಲ್ಲಿ ಇದ್ದಿದ್ದರೆ ಮುಗೀತಿತ್ತು.

‘ತ್ವರಿತವಾಗಿ’ ಅನ್ನೋದರಲ್ಲಿ ಎರಡು ಗಡಿಯಾರ ಸೇರಿಕೊಂಡಿವೆ. ನಮ್ಮ ಸಿಸ್ಟಂ ಗೇಟ್‌ವೇಗೆ ಸೂಚನೆ ಕಳಿಸೋದು ಒಂದು, ಬ್ಯಾಂಕ್ ಖಾತೆಗೆ ಹಣ ಬೀಳೋದು ಇನ್ನೊಂದು. ಎರಡನೆಯದು ನಮ್ಮ ಕೈಯಲ್ಲಿಲ್ಲ, ಅದನ್ನ ಕ್ರೈಟೀರಿಯಾ ಮಾಡಿದರೆ ಸ್ಟೋರಿ ಯಾವತ್ತೂ ಕ್ಲೋಸ್ ಆಗಲ್ಲ. ಮೊದಲನೆಯದನ್ನ ಬರೀಬಹುದು, ಆದರೆ ಗಡಿಯಾರ ಶುರುವಾಗೋದು ಯಾವಾಗ? ಗ್ರಾಹಕ ಬಟನ್ ಒತ್ತಿದಾಗಲೋ, ವಸ್ತು ಗೋದಾಮಿಗೆ ಬಂದು ಪರಿಶೀಲನೆ ಆದಾಗಲೋ? ನೋಡಿ, ಇಲ್ಲಿಗೆ ಬಂದಾಗ ಇದು ಒಂದು ಸ್ಟೋರಿ ಅಲ್ಲ, ಎರಡು ಅಂತ ಗೊತ್ತಾಗುತ್ತೆ. ರಿಟರ್ನ್ ಕೋರಿಕೆ ಬೇರೆ, ರೀಫಂಡ್ ಬೇರೆ.

ಒಂದು ಕ್ರೈಟೀರಿಯಾ ಹೀಗೆ ಬರೆಯಬಹುದು (ಗಿವನ್ ಅಂದರೆ ಮೊದಲಿನ ಸ್ಥಿತಿ, ವೆನ್ ಅಂದರೆ ಘಟನೆ, ದೆನ್ ಅಂದರೆ ಆಗಬೇಕಾದ ಫಲಿತಾಂಶ):

ಗಿವನ್: 500, 300, 200ರ ಮೂರು ವಸ್ತು, 800ರ ಮಿತಿಯ 100ರ ಕೂಪನ್, ಪಾವತಿ 900
ವೆನ್: 300ರ ವಸ್ತುವಿನ ಪರಿಶೀಲನೆ ‘ಸ್ವೀಕೃತ’ ಎಂದು ದಾಖಲಾದಾಗ
ದೆನ್: 15 ನಿಮಿಷದೊಳಗೆ ಗೇಟ್‌ವೇಗೆ 270ರ ರೀಫಂಡ್ ಸೂಚನೆ ಹೋಗಬೇಕು, ಆರ್ಡರ್ ಸ್ಥಿತಿ ‘ಭಾಗಶಃ ರೀಫಂಡ್’ ಆಗಬೇಕು

270, 15 ಎರಡೂ ನಾನು ಇಲ್ಲಿ ಇಟ್ಟ ಸಂಖ್ಯೆಗಳು. ನಿಮ್ಮ ಸಂಖ್ಯೆ ನಿಮ್ಮ ಫೈನಾನ್ಸ್‌ನವರಿಂದ ಬರಬೇಕು.

ದೋಷದ ಸಾಲಿಗೆ ಇಯರ್ಸ್ (EARS) ಅನ್ನೋ ರಿಕ್ವೈರ್‌ಮೆಂಟ್ ವಾಕ್ಯಗಳ ಮಾದರಿ ಚೆನ್ನಾಗಿ ಹೊಂದುತ್ತೆ. ರೋಲ್ಸ್‌ರಾಯ್ಸ್‌ನಲ್ಲಿ ಅಲಿಸ್ಟೇರ್ ಮ್ಯಾವಿನ್ ಮತ್ತು ಜೊತೆಗಾರರು ರೂಪಿಸಿ 2009ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಬೇಡದ ಘಟನೆಗಳಿಗೆ ‘ಹೀಗಾದರೆ, ಆಗ ಸಿಸ್ಟಂ ಹೀಗೆ ಮಾಡತಕ್ಕದ್ದು’ ಅನ್ನೋ ಪ್ರತ್ಯೇಕ ಅಚ್ಚು ಇದೆ. “ಗೇಟ್‌ವೇಯಿಂದ 30 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ, ಆಗ ಸಿಸ್ಟಂ ರೀಫಂಡನ್ನು ‘ಖಚಿತವಾಗಿಲ್ಲ’ ಎಂದು ಗುರುತಿಸಿ, ಅದೇ ಐಡೆಂಪೊಟೆನ್ಸಿ ಕೀ ಬಳಸಿ ಮತ್ತೆ ಪ್ರಯತ್ನಿಸತಕ್ಕದ್ದು.” ಐಡೆಂಪೊಟೆನ್ಸಿ ಕೀ ಅಂದರೆ ಇದು ಹಳೇ ಕೋರಿಕೆಯೇ ಅಂತ ಗುರುತಿಸೋ ಸಂಕೇತ. ಟೈಮ್‌ಔಟ್ (ಉತ್ತರ ಬಾರದೆ ಸಮಯ ಮೀರೋದು) ಅಂದರೆ ಫೇಲ್ ಅಂತಲ್ಲ, ಏನಾಯ್ತೋ ಗೊತ್ತಿಲ್ಲ ಅಂತ. ಅದನ್ನ ಫೇಲ್ ಅಂದುಕೊಂಡು ಹೊಸ ಕೋರಿಕೆ ಕಳಿಸಿದರೆ ಎರಡು ಸಲ ಹಣ ಹೋಗಬಹುದು. ‘ಸೂಕ್ತ ಸಂದೇಶ’ ಇದನ್ನೆಲ್ಲ ನುಂಗಿಬಿಟ್ಟಿತ್ತು.

---

ಲೆಕ್ಕದ_ಹಾಳೆ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಯಾರನ್ನಾದರೂ ಕೇಳೋ ಮೊದಲು ನಿಮ್ಮ ಟಿಕೆಟ್‌ಗಳನ್ನ (ಸ್ಟೋರಿ, ಬಗ್ ದಾಖಲಾಗಿರೋ ಕಡತಗಳನ್ನ) ಕೇಳಿ. ಅವಕ್ಕೆ ದಾಕ್ಷಿಣ್ಯ ಇಲ್ಲ.

ಕಳೆದ ಮೂರು ಸ್ಪ್ರಿಂಟ್‌ನ ಸ್ಟೋರಿಗಳನ್ನೆಲ್ಲ ತೆಗೆಯಿರಿ. ಜಿರಾ (ಟಿಕೆಟ್ ನಿರ್ವಹಿಸೋ ಸಾಫ್ಟ್‌ವೇರ್) ಬಳಸ್ತಿದ್ದರೆ ಪ್ರತಿ ಟಿಕೆಟ್‌ನ ಕಾಮೆಂಟ್ಸ್ ಮತ್ತು ಹಿಸ್ಟರಿ ಎರಡೂ ನೋಡಿ. ಡಿಸ್ಕ್ರಿಪ್ಶನ್ ಯಾವಾಗ ಬದಲಾಯ್ತು ಅನ್ನೋದು ಹಿಸ್ಟರಿಯಲ್ಲಿ ಸಿಗುತ್ತೆ. ಒಂದು ಎಕ್ಸೆಲ್ ಶೀಟ್‌ನಲ್ಲಿ ಇಷ್ಟು ಕಾಲಂ ಸಾಕು: ಸ್ಟೋರಿ ಸಂಖ್ಯೆ, ಸ್ಪ್ರಿಂಟ್ ಶುರುವಾದ ಮೇಲೆ ಬಂದ ಪ್ರಶ್ನೆ ಅಥವಾ ಬದಲಾವಣೆ ಅಥವಾ ಬಗ್, ಅದರ ಬಗೆ, ಉತ್ತರ ಯಾರಿಗೆ ಗೊತ್ತಿತ್ತು, ಅವರನ್ನ ಅದಕ್ಕೂ ಮುಂಚೆ ಕೊನೆಯ ಸಲ ಮಾತಾಡಿಸಿದ್ದು ಯಾವಾಗ. ಆರು ವಾರದ ಟಿಕೆಟ್‌ಗೆ ಒಂದು ಮಧ್ಯಾಹ್ನ ಹಿಡಿಯುತ್ತೆ.

‘ಬಗೆ’ ಕಾಲಂನಲ್ಲಿ ಐದೇ ಆಯ್ಕೆ ಇಟ್ಟುಕೊಳ್ಳಿ, ಯಾಕಂದರೆ ಒಂದೊಂದೂ ಒಂದೊಂದು ಕೌಶಲ್ಯದ ಕಡೆ ಬೆರಳು ತೋರಿಸುತ್ತೆ.

ಬಿಟ್ಟುಹೋಗಿದ್ದು: ಭಾಗಶಃ ರಿಟರ್ನ್ ಬಗ್ಗೆ ಯೋಚಿಸಿಯೇ ಇರಲಿಲ್ಲ ಅನ್ನೋ ಥರದ್ದು. ಇವು ಜಾಸ್ತಿ ಇದ್ದರೆ ವಾಕ್ಯ ತಿದ್ದಿ ಪ್ರಯೋಜನವಿಲ್ಲ, ಮಾಡೆಲ್ ಬರೆಯೋ ಅಭ್ಯಾಸ ಬೇಕು. ಆರ್ಡರ್‌ಗೆ ಒಂದು ಸ್ಟೇಟ್ ಡಯಾಗ್ರಾಂ (ಸ್ಥಿತಿಗಳು ಹೇಗೆ ಬದಲಾಗ್ತವೆ ಅನ್ನೋ ಚಿತ್ರ) ಬರೆದು ಪ್ರತಿ ಸ್ಥಿತಿಯಿಂದಲೂ ‘ಇಲ್ಲಿ ಕ್ಯಾನ್ಸಲ್ ಮಾಡಿದರೆ? ಇಲ್ಲಿ ರಿಟರ್ನ್ ಕೇಳಿದರೆ?’ ಅಂತ ಕೇಳುತ್ತಾ ಹೋದರೆ ತೂತುಗಳು ತಾವಾಗಿಯೇ ಕಾಣ್ತವೆ. ಕೂಪನ್ ಥರದ ನಿಯಮಗಳಿಗೆ ಡಿಸಿಷನ್ ಟೇಬಲ್, ಅಂದರೆ ಷರತ್ತುಗಳ ಪ್ರತಿ ಜೋಡಣೆಗೂ ಏನಾಗಬೇಕು ಅಂತ ಬರೆಯೋ ಕೋಷ್ಟಕ. ಹೌದು/ಇಲ್ಲ ಉತ್ತರದ ಮೂರು ಷರತ್ತು ಇದ್ದರೆ 8 ಸಾಲು, ನಾಲ್ಕಿದ್ದರೆ 16. ಖಾಲಿ ಉಳಿದ ಸಾಲೇ ನೀವು ಕೇಳದ ಪ್ರಶ್ನೆ.

ಎರಡರ್ಥ: ಇದು ಬರವಣಿಗೆಯದ್ದು. ಬೇಗ ಸರಿಹೋಗುತ್ತೆ.

ತಪ್ಪು: ನಿಯಮ ಬರೆದಿದ್ದೀರಿ, ಆದರೆ ವಾಸ್ತವದಲ್ಲಿ ಹಾಗಿಲ್ಲ. ಬಹಳ ಸಲ ಕೆಲಸ ಮಾಡೋರನ್ನ ಬಿಟ್ಟು ಅವರ ಮ್ಯಾನೇಜರ್‌ನ ಕೇಳಿದ್ದರಿಂದ ಹೀಗಾಗುತ್ತೆ. ನಿಯಮ ಪುಸ್ತಕದಲ್ಲಿ ಇರೋದು ಮ್ಯಾನೇಜರ್‌ಗೆ ಗೊತ್ತು, ದಿನಾ ಮಾಡೋ ಅಪವಾದಗಳು ಸಪೋರ್ಟ್‌ನವರಿಗೆ ಗೊತ್ತು. ‘ಯಾರಿಗೆ ಗೊತ್ತಿತ್ತು’ ಕಾಲಂನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದು, ಪಕ್ಕದ ಕಾಲಂ ಖಾಲಿ ಇದ್ದರೆ ನಿಮ್ಮ ಸ್ಟೇಕ್‌ಹೋಲ್ಡರ್ (ಸಂಬಂಧಪಟ್ಟವರ) ಪಟ್ಟಿಯಲ್ಲೇ ಅವರಿಲ್ಲ ಅಂತ ಅರ್ಥ.

ಒಂದಕ್ಕೊಂದು ಹೊಂದದ್ದು: ಹೋದ ತಿಂಗಳ ಸ್ಟೋರಿ ಒಂದು ಹೇಳಿದರೆ ಈ ತಿಂಗಳದ್ದು ಇನ್ನೊಂದು. ಟ್ರೇಸೆಬಿಲಿಟಿ ಇಲ್ಲ, ಅಂದರೆ ಯಾವ ನಿಯಮ ಎಲ್ಲಿಂದ ಬಂತು, ಯಾವುದಕ್ಕೆ ಸಂಬಂಧಿಸಿದ್ದು ಅಂತ ಹಿಂಬಾಲಿಸೋಕೆ ಆಗ್ತಿಲ್ಲ.

ನಿಜವಾಗಿ ಬದಲಾಗಿದ್ದು: ಹೊರಗಿನ ಕಾರಣಕ್ಕೆ ಬದಲಾದದ್ದು. ಇದನ್ನ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಹಾಗಂತ ಎಲ್ಲವನ್ನೂ ಇದೇ ಡಬ್ಬಿಗೆ ತುಂಬಿಸೋ ಆಸೆಯೂ ಬರುತ್ತೆ, ಆದ್ದರಿಂದ ಈ ಒಂದು ಬಗೆಯನ್ನ ಮಾತ್ರ ಟೆಸ್ಟರ್ ಜೊತೆ ಕೂತು ಗುರುತು ಮಾಡಿ.

ಒಂದು ಎಚ್ಚರಿಕೆ. ಪ್ರಶ್ನೆ ಕಮ್ಮಿ ಬಂದರೆ ಒಳ್ಳೇದು ಅಂತೇನಿಲ್ಲ. ಸೊನ್ನೆ ಪ್ರಶ್ನೆ ಬಂದ ಸ್ಟೋರಿಯನ್ನ ಡೆವಲಪರ್ ಓದಿಯೇ ಇಲ್ಲದಿರಬಹುದು. ಪ್ರಶ್ನೆ ಸೊನ್ನೆ, ಬಗ್ ನಾಲ್ಕು ಅನ್ನೋ ಸಾಲುಗಳನ್ನ ಮೊದಲು ಬಣ್ಣ ಹಾಕಿ ಗುರುತು ಮಾಡಿಕೊಳ್ಳಿ. ಮತ್ತೆ ಈ ಲೆಕ್ಕವನ್ನ ಮ್ಯಾನೇಜರ್ ಡ್ಯಾಶ್‌ಬೋರ್ಡ್‌ಗೆ ಹಾಕೋಕೆ ಬಿಡಬೇಡಿ. ಹಾಕಿದ ದಿನದಿಂದ ಜನ ಕಾಮೆಂಟ್ ಬರೆಯೋದು ಬಿಟ್ಟು ಚಾಟ್‌ನಲ್ಲಿ ಕೇಳ್ತಾರೆ, ಅಲ್ಲಿಗೆ ನಿಮ್ಮ ಮಾಹಿತಿಯ ಮೂಲವೇ ಬತ್ತುತ್ತೆ.

ಸರ್ಟಿಫಿಕೇಶನ್ ಕೇಳಿದಿರಿ. ಬಿಎಗಳ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎಯ ಪರೀಕ್ಷೆಗಳು ನಿಮ್ಮ ಸ್ಟೋರಿ ಹೇಗಿದೆ ಅಂತ ಹೇಳಲ್ಲ, ಬಹು ಆಯ್ಕೆಯ ಪ್ರಶ್ನೆಗಳು ಅಷ್ಟೇ. ಆದರೆ ಅರ್ಜಿ ತುಂಬೋ ಕೆಲಸದಿಂದ ಒಂದು ಲಾಭ ಇದೆ. ಅವರ ಸಿಸಿಬಿಎ ಸರ್ಟಿಫಿಕೇಟಿಗೆ ಕಳೆದ 7 ವರ್ಷದಲ್ಲಿ 3750 ಗಂಟೆ, ಅದರ ಮೇಲಿನ ಹಂತದ ಸಿಬಿಎಪಿಗೆ ಕಳೆದ 10 ವರ್ಷದಲ್ಲಿ 7500 ಗಂಟೆ ಬಿಎ ಕೆಲಸ ತೋರಿಸಬೇಕು, ಅದನ್ನ ಬಾಬಾಕ್ ಗೈಡ್‌ನ (ಐಐಬಿಎಯ ಕೈಪಿಡಿ) ಆರು ನಾಲೆಜ್ ಏರಿಯಾಗಳಿಗೆ ಹಂಚಿ ಬರೆಯಬೇಕು. (ಅರ್ಜಿ ಹಾಕೋ ಮುಂಚೆ ಈಗಿನ ಷರತ್ತು ಅವರ ಸೈಟ್‌ನಲ್ಲಿ ನೋಡಿಕೊಳ್ಳಿ.) ಪರೀಕ್ಷೆ ಕಟ್ಟದಿದ್ದರೂ ಆ ಹಂಚಿಕೆ ಒಮ್ಮೆ ಮಾಡಿ. ಸ್ಟೋರಿ ಬರೆಯೋ ಬಿಎಗಳಿಗೆ ಸಾಮಾನ್ಯವಾಗಿ ‘ಸ್ಟ್ರಾಟೆಜಿ ಅನಾಲಿಸಿಸ್’ ಮತ್ತು ‘ಸೊಲ್ಯೂಷನ್ ಇವ್ಯಾಲ್ಯುಯೇಷನ್’ ಕಾಲಂ ಹೆಚ್ಚುಕಮ್ಮಿ ಖಾಲಿ ಇರುತ್ತೆ. ಈ ಸಿಸ್ಟಂ ಯಾಕೆ ಕಟ್ಟಬೇಕು ಅಂತ ಮೊದಲು ಕೇಳಿಲ್ಲ, ಕಟ್ಟಿದ ಮೇಲೆ ಉಪಯೋಗ ಆಯ್ತಾ ಅಂತ ಆಮೇಲೂ ನೋಡಿಲ್ಲ ಅಂತ. ‘ಪ್ರೊಆ್ಯಕ್ಟಿವ್ ಆಗಿ’ ಅಂದವರು ಬಹುಶಃ ಇದನ್ನೇ ಹೇಳೋಕೆ ಹೊರಟಿದ್ದರು.

ಅದೇ ಬಾಬಾಕ್‌ನ ಮೂರನೇ ಆವೃತ್ತಿಯಲ್ಲಿ (2015) ಬಿಎ ತನ್ನ ಕೆಲಸವನ್ನ ತಾನೇ ಅಳೆಯೋದಕ್ಕೆ ಒಂದು ಪೂರ್ತಿ ಟಾಸ್ಕ್ ಇದೆ, 3.5ನೇ ವಿಭಾಗ. ನಿಖರತೆ, ಸಂಪೂರ್ಣತೆ, ಸಮಯಪಾಲನೆ ಇಂಥ ಅಳತೆಗಳನ್ನ ಅಲ್ಲಿ ಕೊಟ್ಟಿದ್ದಾರೆ. ಪರೀಕ್ಷೆಗೆ ಓದೋರು ಓದ್ತಾರೆ, ಕೆಲಸದಲ್ಲಿ ಯಾರೂ ಬಳಸಲ್ಲ.

---

ಮೂರನೇ_ಸಾಲು

ಮ್ಯಾನೇಜರ್ ವಿಷಯ ಯಾರೂ ಮುಟ್ಟಲಿಲ್ಲ.

“ಕಮ್ಯುನಿಕೇಶನ್ ಸುಧಾರಿಸಿಕೊಳ್ಳಿ” ಅನ್ನೋದು ಫೀಡ್‌ಬ್ಯಾಕ್ ಅಲ್ಲ, ಅದೊಂದು ಲೇಬಲ್. ಒಳಗೆ ಏನಿದೆ ಅಂತ ಬಿಚ್ಚಿಸಿಕೊಳ್ಳಬೇಕು. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನವರ ಎಸ್‌ಬಿಐ (ಸಿಚುಯೇಶನ್-ಬಿಹೇವಿಯರ್-ಇಂಪ್ಯಾಕ್ಟ್) ಮಾದರಿ ಇದಕ್ಕೆ ಸಾಕು: ಯಾವ ಸಂದರ್ಭ, ನಾನು ಏನು ಮಾಡಿದೆ, ಅದರಿಂದ ಏನಾಯ್ತು. ಸಾಮಾನ್ಯವಾಗಿ ಅದನ್ನ ಫೀಡ್‌ಬ್ಯಾಕ್ ಕೊಡೋರಿಗೆ ಕಲಿಸ್ತಾರೆ, ನೀವು ಪ್ರಶ್ನೆಯಾಗಿ ತಿರುಗಿಸಿ. “ಸರ್, ಯಾವ ಮೀಟಿಂಗ್ ಅಥವಾ ಮೇಲ್ ನಿಮ್ಮ ಮನಸ್ಸಲ್ಲಿದೆ? ಅವತ್ತು ನಾನು ಹೇಳಿದ್ದು ಅಥವಾ ಹೇಳದೇ ಬಿಟ್ಟಿದ್ದು ಏನು? ಅದರಿಂದ ಯಾರಿಗೆ ಏನು ಕೆಲಸ ಹೆಚ್ಚಾಯ್ತು?” ಎಷ್ಟೋ ಸಲ ಹೊರಗೆ ಬರೋದು ಮಾತಿನ ಬಗ್ಗೆಯೇ ಆಗಿರಲ್ಲ. ‘ಡೇಟ್ ಜಾರುತ್ತೆ ಅಂತ ಎರಡು ದಿನ ತಡವಾಗಿ ಗೊತ್ತಾಯ್ತು’ ಅನ್ನೋದೇ ಅವರ ಪಾಲಿಗೆ ಕಮ್ಯುನಿಕೇಶನ್. ನೀವು ಭಾಷಣ ಕಲಿಯೋಕೆ ಕೋರ್ಸ್ ಸೇರಿರ್ತೀರಿ.

ಫೀಡ್‌ಬ್ಯಾಕ್ ಅಂದರೆ ಯಾವಾಗಲೂ ಒಳ್ಳೇದು ಅಂತ ಎಲ್ಲರೂ ಇಲ್ಲಿ ಮಾತಾಡ್ತಿದ್ದಾರೆ. ಹಾಗೇನಿಲ್ಲ. ಸಂಶೋಧಕರಾದ ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಹಳೇ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸಿತ್ತು, ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು ವ್ಯಕ್ತಿಯ ಕಡೆ ಹೋದಷ್ಟೂ ಪರಿಣಾಮ ಕುಗ್ಗುತ್ತೆ ಅಂತ ಅವರ ವಾದ. ‘ನನ್ನ ದೌರ್ಬಲ್ಯ ಏನು’ ಅನ್ನೋ ಪ್ರಶ್ನೆ ನೇರವಾಗಿ ಅಲ್ಲಿಗೇ ಕೈ ಹಿಡಿದು ಕರ್ಕೊಂಡು ಹೋಗುತ್ತೆ.

ಅನಾಮಧೇಯ ಫಾರ್ಮ್ ಹಾಕೋ ಯೋಚನೆ ಇದ್ದರೆ ಬಿಡಿ. 11 ಜನರಲ್ಲಿ ಟೆಸ್ಟರ್ ಇಬ್ಬರೇ, ಫೈನಾನ್ಸ್ ಒಬ್ಬರೇ. ಯಾರು ಬರೆದದ್ದು ಅಂತ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತೆ, ಅದು ಅವರಿಗೂ ಗೊತ್ತು. ಮೇಲಾಗಿ ‘ಯಾವ ಸಾಲು?’ ಅಂತ ಮರುಪ್ರಶ್ನೆ ಕೇಳೋಕೆ ಆಗಲ್ಲ.

ಡಾಕ್ಯುಮೆಂಟ್ ಉದ್ದ ಅಂದವರೊಬ್ಬರು. ಡೆವಲಪರ್‌ಗಳನ್ನ ಕೆಂಪುಪೆನ್ನು ಹೇಳಿದ ಹಾಗೆ ಕೇಳಿದ ಮೇಲೆ ‘ವಿವರ ಸಾಲದು’ ಅಂತ ಬಂದೇ ಬರುತ್ತೆ. ಎತ್ತು ಏರಿಗೆ, ಕೋಣ ನೀರಿಗೆ ಅನ್ನಿಸುತ್ತೆ, ಆದರೆ ಅದು ವಿರೋಧ ಅಲ್ಲ, ಓದುಗರು ಇಬ್ಬರು ಅಷ್ಟೇ. ಮೇಲೆ ಅರ್ಧ ಪುಟ: ಏನು ಸಮಸ್ಯೆ, ಏನು ತೀರ್ಮಾನ ಬೇಕು, ಯಾವತ್ತಿನೊಳಗೆ. ಕೆಳಗೆ ಡಿಸಿಷನ್ ಟೇಬಲ್ ಮತ್ತು ಉದಾಹರಣೆಗಳು. ಇಬ್ಬರ ಅಭಿಪ್ರಾಯದ ಸರಾಸರಿ ತೆಗೆದು ಮಧ್ಯಮ ಉದ್ದದ ಡಾಕ್ಯುಮೆಂಟ್ ಬರೆದರೆ ಇಬ್ಬರಿಗೂ ಉಪಯೋಗಕ್ಕೆ ಬರಲ್ಲ.

---

ಅರ್ಧವಿರಾಮ

ಎಲ್ಲರಿಗೂ ಧನ್ಯವಾದ. ಶೀಟ್ ಶುರು ಮಾಡಿದೆ, ಮೊದಲ ಸ್ಪ್ರಿಂಟ್ ಮುಗೀತು: 9 ಸ್ಟೋರಿ, 17 ಸಾಲು. ಅದರಲ್ಲಿ 10 ‘ಬಿಟ್ಟುಹೋಗಿದ್ದು’, 3 ಮಾತ್ರ ‘ಎರಡರ್ಥ’. ನಾನು ಬರವಣಿಗೆ ಸಮಸ್ಯೆ ಅಂದುಕೊಂಡಿದ್ದೆ.

ಡೆವಲಪರ್‌ಗೆ ಕಳಿಸೋ ಮೆಸೇಜ್ ಹೀಗೆ ಬದಲಾಯಿಸಿದೀನಿ: “ನಿನ್ನೆ ನೀವು ಎತ್ತಿಕೊಂಡ ಭಾಗಶಃ ರಿಟರ್ನ್ ಸ್ಟೋರಿ ಬಗ್ಗೆ ಹತ್ತು ನಿಮಿಷ ಬೇಕು. ಎಲ್ಲಿ ನಿಲ್ಲಬೇಕಾಯ್ತು, ಎಲ್ಲಿ ಊಹೆ ಮಾಡಿದ್ರಿ, ಇಷ್ಟೇ ಕೇಳೋದು.” ಸರಿನಾ?

ಇನ್ನೊಂದು. ಟಿಕೆಟ್‌ನಲ್ಲಿ ಕಾಣೋದು ಬರೆದದ್ದು ಮಾತ್ರ. ಮೀಟಿಂಗ್ ನಡೆಸೋದು, ಪ್ರಶ್ನೆ ಕೇಳೋದು ಹೇಗಿದೆ ಅಂತ ಹೇಗೆ ತಿಳ್ಕೊಳ್ಳೋದು?

---

ಕೆಂಪುಪೆನ್ನು

ಮೆಸೇಜ್ ಸರಿ ಇದೆ. ಅವರು ಹೇಳುವಾಗ ಸಮರ್ಥನೆ ಕೊಡಬೇಡಿ, ‘ಅದು ಮೂರನೇ ಪುಟದಲ್ಲಿ ಇತ್ತಲ್ಲ’ ಅಂತ ಬಾಯಿ ತುದಿಗೆ ಬರುತ್ತೆ. ಇದ್ದರೂ ಅವರಿಗೆ ಕಾಣಲಿಲ್ಲ ಅನ್ನೋದೇ ಬರೆದುಕೊಳ್ಳಬೇಕಾದ ವಿಷಯ. ಎರಡು ಸ್ಪ್ರಿಂಟ್ ಒಳಗೆ ‘ನೀವು ಹೇಳಿದ್ದಕ್ಕೆ ಇದನ್ನ ಬದಲಾಯಿಸಿದೆ’ ಅಂತ ತೋರಿಸಿ, ಇಲ್ಲಾಂದ್ರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ.

ಮೀಟಿಂಗ್‌ಗೆ: ಒಬ್ಬರನ್ನ ಬರೀ ನೋಡೋದಕ್ಕೆ ಕೂರಿಸಿ. ಇನ್ನೊಬ್ಬ ಬಿಎ ಇದ್ದರೆ ಉತ್ತಮ, ಇಲ್ಲದಿದ್ದರೆ ಟೆಸ್ಟರ್. ‘ನನ್ನ ಫೆಸಿಲಿಟೇಶನ್ (ಮೀಟಿಂಗ್ ನಡೆಸೋ ರೀತಿ) ನೋಡಿ’ ಅನ್ನಬೇಡಿ, ಒಂದು ಹಾಳೆ ಕೊಟ್ಟು ನಾಲ್ಕು ವಿಷಯ ಎಣಿಸೋಕೆ ಹೇಳಿ. ಐದೈದು ನಿಮಿಷಕ್ಕೊಮ್ಮೆ ಆ ಕ್ಷಣಕ್ಕೆ ಯಾರು ಮಾತಾಡ್ತಿದ್ದಾರೆ. ಎಷ್ಟು ಪ್ರಶ್ನೆಗೆ ಬರೀ ಹೌದು, ಇಲ್ಲ ಅಂತ ಉತ್ತರ ಬಂತು. ಎಷ್ಟು ಸಲ ನೀವೇ ಪ್ರಶ್ನೆ ಕೇಳಿ ನೀವೇ ಉತ್ತರ ತುಂಬಿದಿರಿ. ತೀರ್ಮಾನ ಆದಾಗ ಅದನ್ನ ಜೋರಾಗಿ ಒಮ್ಮೆ ಹೇಳಿ ಒಪ್ಪಿಗೆ ಪಡೆದಿರಾ.

ಒಂದು ಗಂಟೆಯ ಮೀಟಿಂಗ್‌ನಲ್ಲಿ ಹನ್ನೆರಡು ಗುರುತು ಬೀಳ್ತವೆ. ವಿಷಯ ತಿಳ್ಕೊಳ್ಳೋಕೆ ಕರೆದ ಮೀಟಿಂಗ್‌ನಲ್ಲಿ ಆರಕ್ಕಿಂತ ಜಾಸ್ತಿ ಗುರುತು ನಿಮ್ಮ ಹೆಸರಲ್ಲಿದ್ದರೆ ನೀವು ಕೇಳಿಸಿಕೊಳ್ತಿಲ್ಲ. ಮೂರನೆಯದು ಎಲ್ಲರಲ್ಲೂ ಇರೋ ಚಾಳಿ: “ರಿಟರ್ನ್ ಬಂದ ಮೇಲೆ ಏನ್ಮಾಡ್ತೀರಿ, ಪರಿಶೀಲನೆ ಮಾಡಿ ರೀಫಂಡ್ ಕೊಡ್ತೀರಿ ಅಲ್ವಾ?” ಎದುರಿನವರು ತಲೆ ಆಡಿಸ್ತಾರೆ. ಪರಿಶೀಲನೆಯೇ ಇಲ್ಲದೆ ರೀಫಂಡ್ ಕೊಡೋ ವಸ್ತುಗಳ ಪಟ್ಟಿ ಒಂದು ಅವರ ಡ್ರಾಯರ್‌ನಲ್ಲಿ ಹಾಗೇ ಉಳಿಯುತ್ತೆ. ಪ್ರಶ್ನೆ ಕೇಳಿ ಐದಾರು ಸೆಕೆಂಡ್ ಸುಮ್ಮನಿರಿ. ಬಹಳ ಉದ್ದ ಅನ್ನಿಸುತ್ತೆ, ಇರಲಿ.

ಪ್ರಶ್ನೆಯ ಬದಲು ‘ಕಳೆದ ವಾರ ಬಂದ ಒಂದು ಗೋಜಲಿನ ರಿಟರ್ನ್ ತೆರೆದು ತೋರಿಸಿ’ ಅನ್ನಿ. ಸ್ಕ್ರೀನ್ ಮೇಲೆ ಅವರು ಕ್ಲಿಕ್ ಮಾಡ್ತಾ ಹೋಗುವಾಗ, ಸಿಸ್ಟಂ ಬಿಟ್ಟು ಪಕ್ಕದ ಎಕ್ಸೆಲ್‌ಗೆ ಯಾವಾಗ ಹೋಗ್ತಾರೆ ನೋಡಿ. ನಿಮ್ಮ ಹತ್ತು ‘ಬಿಟ್ಟುಹೋಗಿದ್ದು’ಗಳಲ್ಲಿ ಒಂದಷ್ಟು ಆ ಎಕ್ಸೆಲ್‌ನಲ್ಲೇ ಇರುತ್ತೆ.